ಕೆರೆಯ ದಡದಿಂದ ಕೊರಮೀನಿಗೆ ಗಾಳ

ಗುಬ್ಬಿ, ಕುಣಿಗಲ್ ಕಡೆಯ ಕೆರೆಗಳಲ್ಲಿ ಜೊಂಡಿನ ಅಂಚಿಗೆ ಗುಳುಕ್ಕೆಂದು ಸದ್ದಾದರೆ ಅಲ್ಲಿ ಕೊರಮೀನು ಇರಬಹುದು. ಕಿವಿರೊಂದರಿಂದಲೇ ಇದಕ್ಕೆ ಉಸಿರು ಸಾಲದು. ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ. ಅದು ಎದ್ದ ಜಾಗವನ್ನೇ ಗುರುತಿಟ್ಟುಕೊಳ್ಳಿ.

ಎರಡಾಳುದ್ದದ ಬಿದಿರುಕೋಲು ಸಾಕು. ದಾರದಲ್ಲಿ ಮಾತ್ರ ಜಿಪುಣತನ ಬೇಡ. ಗಾಳ ಕಚ್ಚಿದೊಡನೆ ಈ ಮೀನು ಜೊಂಡಿನ ಬುಡಕ್ಕೆ ನುಗ್ಗುತ್ತದೆ. ಸಣ್ಣ ದಾರವಾದರೆ ಪಟ್ಟೆಂದು ಹರಿದೇ ಹೋಯಿತು. ದಪ್ಪ ನೈಲಾನ್ ದಾರ ಕಟ್ಟಿ. ಎರೆಹುಳುವಿಗೂ ಬರುತ್ತದೆ, ಆದರೆ ಅದರ ಆಸೆಯೆಲ್ಲ ಓಡಾಡುವ ಜೀವದ ಮೇಲೆ. ಸಣ್ಣ ಮೀನೊಂದನ್ನು ಸಿಕ್ಕಿಸಿ ಜೊಂಡಿನ ಅಂಚಿನಲ್ಲಿ ಮೆಲ್ಲಗೆ ಆಡಿಸಿ. ನಿಮ್ಮ ನೆರಳು ನೀರಿಗೆ ಬೀಳಬಾರದು. ಕಚ್ಚಿದ ಕೂಡಲೇ ಎಳೆದರೆ ಬಾಯಿಂದ ಜಾರೀತು. ದಾರ ಬಿಗಿಯಾಗುವವರೆಗೆ ತಡೆದು, ಆಮೇಲೆ ಒಂದೇ ಎಳೆತಕ್ಕೆ ತಲೆಯನ್ನು ಈಚೆಗೆ ತಿರುಗಿಸಿ.

ಮಳೆಗಾಲದಲ್ಲಿ ಕೆಂಪನೆಯ ಮರಿಗಳ ಹಿಂಡು ನೀರಿನ ಮೇಲೆ ಕುದಿಯುವಂತೆ ಆಡುತ್ತಿರುವುದನ್ನು ಕಂಡಿರಬಹುದು. ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಆಗ ಏನು ಎಸೆದರೂ ಮೇಲೆ ಬಿದ್ದು ಕಚ್ಚುತ್ತವೆ, ಹಸಿವಿಗಲ್ಲ, ಮರಿಗಳನ್ನು ಕಾಯಲಿಕ್ಕೆ. ಹಿಡಿಯುವುದು ಸುಲಭವೇ. ಆದರೆ ಕಾವಲು ತಪ್ಪಿದರೆ ಬೇರೆ ಮೀನು, ಹಕ್ಕಿಗಳು ಹಿಂಡನ್ನೇ ಬರಿದು ಮಾಡುತ್ತವೆ. ಮುಂದಕ್ಕೆ ಬೆಳೆಯಬೇಕಾದ ಮೀನೆಲ್ಲ ಅಲ್ಲಿಗೇ ಹೋಯಿತು. ಅಂಥ ಕಡೆ ಗಾಳ ಹಾಕಲೇಬೇಡಿ.

ಕೆರೆಯ ಮೀನು ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರನ್ನು ಮೊದಲು ಕೇಳಿಕೊಳ್ಳಿ. ಸಿಕ್ಕಿದ ಮೀನನ್ನು ಒದ್ದೆ ಗೋಣಿಚೀಲದಲ್ಲಿಟ್ಟರೆ ಮನೆ ಮುಟ್ಟುವವರೆಗೂ ಜೀವ ಹಿಡಿದಿರುತ್ತದೆ. ಚೀಲದ ಬಾಯಿ ಬಿಗಿಯಾಗಿ ಕಟ್ಟಿ; ಇಲ್ಲವಾದರೆ ಏರಿಯ ಮೇಲಿಂದಲೂ ತೆವಳಿಕೊಂಡು ನೀರಿಗೆ ಇಳಿದುಬಿಡುತ್ತದೆ.