ಪೈಪು ಗೇಣುದ್ದ, ಬೆಂಕಿ ಆಳುದ್ದ!

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅದರ ಯಜ್ದಿಗಳು ಮಾತ್ರ ಇವತ್ತಿಗೂ ಊರೂರಲ್ಲಿ ಡಬಡಬ ಎನ್ನುತ್ತಿವೆ.

ಸವಾರರೇ, ಟ್ಯಾಂಕಿನಿಂದ ಕಾರ್ಬೊರೇಟರಿಗೆ ಇಳಿಯುವ ಪೆಟ್ರೋಲ್ ಪೈಪನ್ನು ಎಂದಾದರೂ ಬಗ್ಗಿಸಿ ನೋಡಿದ್ದೀರಾ? ಬಂಕಿನ ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಪಾಲಿನವರೆಗೂ ಎಥನಾಲ್. ಹಳೇ ರಬ್ಬರು ಅದನ್ನು ತಾಳದು, ಉಬ್ಬುತ್ತೆ, ಬಿರಿಯುತ್ತೆ. ತೊಟ್ಟಿಕ್ಕುವುದು ಬಿಸಿ ಇಂಜಿನ್ ಮೇಲೆ!

ಅಗ್ಗದ ಪಾರದರ್ಶಕ ಪ್ಲಾಸ್ಟಿಕ್ ಪೈಪು ನೋಡಲು ಚೆಂದ, ಬರಬರುತ್ತಾ ಕಡ್ಡಿಯಂತೆ ಗಟ್ಟಿ. ಅಂಗಡಿಯಲ್ಲಿ ಎಥನಾಲ್ ತಡೆಯುವ, ಒಳಪದರ ವಿಟಾನ್ ಇರುವ ಪೈಪನ್ನೇ ಕೇಳಿ. ಅಳತೆಗೆ ಉಬ್ಬಿದ ಹಳೇ ತುಂಡು ಒಯ್ಯಬೇಡಿ; ಪೆಟ್ರೋಲ್ ಕಾಕಿನ ಮೂತಿಯನ್ನೇ ಅಳೆಸಿ. ಎರಡೂ ತುದಿಗೆ ಕ್ಲಿಪ್ ಬಿಗಿಸಿ.

ದುಡ್ಡು ಕೊಂಚ ಜಾಸ್ತಿ, ನಿಜ. ಆದರೆ ಗಾಡಿ ಹೊತ್ತಿಕೊಂಡರೆ, ಇನ್ನೊಂದು ಮಾಡಿಕೊಡಲು ಆ ಕಾರ್ಖಾನೆ ಎಲ್ಲಿದೆ ಸ್ವಾಮಿ?