ತರ್ಕಪ್ರಶ್ನೆಗಳ ಅಭ್ಯಾಸ

ಎಂಟನೆಯ ತರಗತಿಯ ಬಾಲಿಕೆಯರ ಮುಂದೆ ಪ್ರತಿವರ್ಷವೂ ಒಂದು ಸ್ಪರ್ಧೆಯ ಪರೀಕ್ಷೆ ಬರುವುದುಂಟು. ಕೇಂದ್ರ ಸರಕಾರವು 2008ರಲ್ಲಿ ಆರಂಭಿಸಿದ ಎನ್.ಎಂ.ಎಂ.ಎಸ್. ಎಂಬ ವಿದ್ಯಾರ್ಥಿವೇತನದ ಪರೀಕ್ಷೆಯೇ ಅದು. ಸರಕಾರದ ಶಾಲೆಗಳಲ್ಲಿಯೂ ಸರಕಾರದ ಸಹಾಯಧನ ಪಡೆಯುವ ಶಾಲೆಗಳಲ್ಲಿಯೂ ಓದುತ್ತಿರುವ, ಮನೆಯ ವಾರ್ಷಿಕ ವರಮಾನವು 3,50,000 ರೂಪಾಯಿಗಳನ್ನು ಮೀರದ ಮಕ್ಕಳಿಗೆ ಇದು ಮೀಸಲು. ಆಯ್ಕೆಯಾದವಳು ಮುಂದೆಯೂ ತಕ್ಕ ಅಂಕಗಳನ್ನು ಪಡೆಯುತ್ತ ಹೋದರೆ, ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುವುದು. ಮೂಡಿಗೆರೆ, ಕಳಸಗಳ ತೋಟದ ಲೈನುಮನೆಗಳಿಂದ ಬರುವ ಹುಡುಗಿಯು ಓದನ್ನು ಮುಂದುವರಿಸುವಳೋ, ತಾಯಿಯೊಡನೆ ಕಾಫಿ ಕೊಯ್ಲಿಗೆ ನಡೆಯುವಳೋ ಎಂಬುದನ್ನು ಈ ಹಣವು ನಿರ್ಣಯಿಸಬಲ್ಲುದು.

ಪರೀಕ್ಷೆಗೆ ಎರಡು ಪತ್ರಿಕೆಗಳು. ಒಂದೊಂದರಲ್ಲಿ 90 ಪ್ರಶ್ನೆ, 90 ನಿಮಿಷ. ಪಾಠಗಳ ಪತ್ರಿಕೆಗೆ ಹುಡುಗಿಯರು ಅಷ್ಟಾಗಿ ಹೆದರರು. ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯನ್ನು ಕಂಡೊಡನೆ ಮಾತ್ರ, “ಇದು ಹುಟ್ಟಿನಿಂದ ಬರಬೇಕಾದ ಬುದ್ಧಿ” ಎಂದು ಎದೆಗುಂದುವರು. ಈ ಎಣಿಕೆ ಸರಿಯಲ್ಲ. 1905ರಲ್ಲಿ ಪ್ಯಾರಿಸಿನಲ್ಲಿ ಇಂತಹ ಪರೀಕ್ಷೆಯನ್ನು ಸಿದ್ಧಪಡಿಸಿದ ಆಲ್ಫ್ರೆಡ್ ಬಿನೆಯವರೇ, ಬುದ್ಧಿಯು ಅಭ್ಯಾಸದಿಂದ ಬೆಳೆಯತಕ್ಕದ್ದೆಂದು 1909ರಲ್ಲಿ ಬರೆದರು. ಆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತರು, ಅವರ ಗ್ರಂಥವು 1940ರಲ್ಲಿ ಪ್ರಕಟವಾಯಿತು.

ಅಭ್ಯಾಸವೆಂದರೇನೆಂಬುದನ್ನು ಮೂರು ಉದಾಹರಣೆಗಳಿಂದ ತಿಳಿಯಬಹುದು. 3, 6, 11, 18, 27 — ಮುಂದಿನ ಸಂಖ್ಯೆ ಯಾವುದು? ಸಂಖ್ಯೆಗಳನ್ನೇ ದಿಟ್ಟಿಸಿದರೆ ಏನೂ ತೋಚದು. ಅವುಗಳ ನಡುವಿನ ಅಂತರವನ್ನು ಬರೆದರೆ 3, 5, 7, 9 ಎಂದು ಕ್ರಮವು ತಾನಾಗಿ ಕಾಣುವುದು. ಮುಂದಿನ ಅಂತರ 11, ಉತ್ತರ 38. ಎರಡನೆಯದು: ಕಾಫಿಗೆ ಗಿಡವಾದರೆ ಕರಿಮೆಣಸಿಗೆ ಏನು? ಸಿಲ್ವರ್ ಮರದ ಮೇಲೆ ಮೆಣಸನ್ನು ದಿನವೂ ಕಾಣುವ ನಮ್ಮ ಹುಡುಗಿ ಅವಸರದಲ್ಲಿ “ಮರ” ಎಂದುಬಿಡುವಳು. ಮರವು ಆಸರೆ ಮಾತ್ರ. ಮೆಣಸನ್ನು ಬಿಡುವುದು ಬಳ್ಳಿ. ಮೂರನೆಯದು: ಉತ್ತರಕ್ಕೆ 3 ಕಿಲೋಮೀಟರು ನಡೆದು, ಬಲಕ್ಕೆ ತಿರುಗಿ 4 ಕಿಲೋಮೀಟರು ನಡೆದವಳು ಹೊರಟ ಸ್ಥಳದಿಂದ ನೇರವಾಗಿ ಎಷ್ಟು ದೂರದಲ್ಲಿರುವಳು? ಬೆಟ್ಟದ ದಾರಿಯಲ್ಲಿ ನಡೆದವಳು 7 ಎನ್ನುವಳು. ನಡೆದ ದಾರಿ 7 ಆದುದು ನಿಜ; ಕೇಳಿದುದು ನೇರವಾದ ಅಂತರ, ಅದು 5. ಚಿತ್ರ ಬರೆದುಕೊಂಡವಳು ಇದರಲ್ಲಿ ತಪ್ಪಳು.

ಆದಕಾರಣ ಉತ್ತರಗಳನ್ನು ಬಾಯಿಪಾಠ ಮಾಡುವುದರಿಂದ ಪ್ರಯೋಜನವಿಲ್ಲ. ದಿನಕ್ಕೆ ಹತ್ತೇ ಪ್ರಶ್ನೆಗಳು ಸಾಕು. ಪ್ರತಿಯೊಂದನ್ನೂ ಎರಡು ಸಲ ಓದಿ, ಉತ್ತರದ ಪಕ್ಕದಲ್ಲಿ ಅದಕ್ಕೆ ಕಾರಣವನ್ನು ಬರೆಯಲಿ. ತಪ್ಪಿದುದನ್ನು ಬೇರೊಂದು ಪುಸ್ತಕದಲ್ಲಿ ಬರೆದಿಟ್ಟು, ವಾರದ ಕೊನೆಗೆ ಹಳೆಯ ಉತ್ತರವನ್ನು ನೋಡದೆ ಮತ್ತೆ ಬಿಡಿಸಲಿ. ಎರಡು ತಿಂಗಳು ಹೀಗೆ ನಡೆದ ಮೇಲೆ ಗಡಿಯಾರವನ್ನು ಮುಂದಿಟ್ಟುಕೊಂಡು, ಪ್ರಶ್ನೆಗೆ ಒಂದು ನಿಮಿಷದಂತೆ ಸಾಧಿಸಲಿ. ಮೊದಲೇ ಗಡಿಯಾರವನ್ನು ಹಿಡಿದರೆ ಬೆಳೆಯುವುದು ಅವಸರವೇ ಹೊರತು ವಿವೇಚನೆಯಲ್ಲ.

ಪೋಷಕರಲ್ಲಿ ಒಂದು ಬಿನ್ನಹ. ಕೊಯ್ಲಿನ ಕಾಲದಲ್ಲಿ ಮನೆಯ ಕೆಲಸವೆಲ್ಲ ಹೆಣ್ಣುಮಗುವಿನ ಮೇಲೆ ಬೀಳುವುದು ನಮಗೆ ತಿಳಿಯದ ಸಂಗತಿಯಲ್ಲ. ಆಗಲೂ ಸಂಜೆಯ ಅರ್ಧ ಘಂಟೆಯನ್ನು ಅವಳಿಗೆ ಬಿಟ್ಟುಕೊಡಿರಿ. ಹಳೆಯ ವಿದ್ಯಾರ್ಥಿನಿಯರಾದ ಸಹೋದರಿಯರೇ, ನಿಮ್ಮ ನೆರೆಯಲ್ಲಿ ಇಂತಹ ಹುಡುಗಿಯೊಬ್ಬಳಿದ್ದರೆ ವಾರಕ್ಕೊಮ್ಮೆ ಅವಳ ಬಳಿ ಕುಳಿತು, “ಈ ಉತ್ತರ ಹೇಗೆ ಬಂತಮ್ಮಾ?” ಎಂದು ಕೇಳಿರಿ. ದೇವರು ಕೊಟ್ಟ ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿನ ಕಥೆಯನ್ನು ನಾವೆಲ್ಲರೂ ಇದೇ ಶಾಲೆಯಲ್ಲಿ ಕೇಳಿದವರಲ್ಲವೇ? ಮಗುವಿನ ತಲಾಂತು ಹೂತುಹೋಗದಂತೆ ನೋಡಿಕೊಳ್ಳುವುದು ಹಿರಿಯರಾದ ನಮ್ಮ ಹೊಣೆ.