ತಕ್ಕಡಿಗೆ ಕಾಣದ ಬೊಜ್ಜು

ಬೊಜ್ಜು ಎಂಬುದು ನಗರದ ಉಳ್ಳವರ ಮಕ್ಕಳ ಸಮಸ್ಯೆ, ಹಳ್ಳಿಯ ಮಕ್ಕಳದೇನಿದ್ದರೂ ಅಪೌಷ್ಟಿಕತೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಚಾಮರಾಜನಗರಕ್ಕೆ ಸಮೀಪದ ಹರದನಹಳ್ಳಿಯಂತಹ ಊರುಗಳನ್ನು ನೋಡಿದಾಗ ಈ ವಿಂಗಡಣೆ ಇನ್ನು ನಿಲ್ಲಲಾರದು ಎಂದೇ ನನಗೆ ಅನ್ನಿಸುತ್ತದೆ. ರಾಗಿ ಮುದ್ದೆ, ಹುರುಳಿ ಸಾರಿನ ಈ ಸೀಮೆಯಲ್ಲೂ ಪೆಟ್ಟಿಗೆ ಅಂಗಡಿಯ ಮುಂದೆ ತೋರಣದಂತೆ ತೂಗುವ ಕುರುಕಲು ತಿಂಡಿಯ ಪೊಟ್ಟಣಗಳಿಗೆ ಮಕ್ಕಳ ಆಹಾರದಲ್ಲಿ ಪಾಲು ದೊರೆತಿದೆ.

2016–18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆಯ ಪ್ರಕಾರ, ದೇಶದ 10ರಿಂದ 19 ವರ್ಷದವರಲ್ಲಿ ಶೇ 24ರಷ್ಟು ಮಂದಿ ವಯಸ್ಸಿಗೆ ತಕ್ಕ ಮೈಯಿಲ್ಲದೆ ಕೃಶರಾಗಿದ್ದರು. ಶೇ 5ರಷ್ಟು ಮಂದಿಗೆ ಅಧಿಕ ತೂಕ ಇಲ್ಲವೇ ಬೊಜ್ಜು ಇತ್ತು. ಐದೇ ತಾನೆ ಎಂದು ಸಮಾಧಾನಪಡುವ ಮುನ್ನ, ಈ ಲೆಕ್ಕ ಯಾವ ಅಳತೆಗೋಲಿನದು ಎಂದು ಕೇಳಬೇಕಲ್ಲವೇ?

ಆ ಅಳತೆಗೋಲು ಬಿಎಂಐ ಎಂದು ಕರೆಯಲಾಗುವ ದೇಹತೂಕ ಸೂಚ್ಯಂಕ. ಕಿಲೋಗ್ರಾಂಗಳಲ್ಲಿನ ತೂಕವನ್ನು ಮೀಟರ್‌ಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ಅದು ಸಿಗುತ್ತದೆ. ಬೆಳೆಯುವ ಮಕ್ಕಳಿಗೆ ವಯಸ್ಕರ ಮಿತಿಗಳನ್ನು ಅನ್ವಯಿಸುವಂತಿಲ್ಲ. 150 ಸೆಂ.ಮೀ. ಎತ್ತರ, 54 ಕೆ.ಜಿ. ತೂಕದ 13 ವರ್ಷದ ಬಾಲಕನ ಸೂಚ್ಯಂಕ 24. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿರುವ 25ರ ಗೆರೆಯನ್ನು ನೋಡಿದರೆ ಆತ ಸಹಜ. ಅದೇ ಸಂಸ್ಥೆ 2007ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ ಕೋಷ್ಟಕದಲ್ಲಿ ಆ ವಯಸ್ಸಿನ ಬಾಲಕರಿಗೆ ಅಧಿಕ ತೂಕ ಆರಂಭವಾಗುವುದು 20.8ರ ಆಸುಪಾಸಿನಲ್ಲಿ. ವಯಸ್ಸು, ಲಿಂಗ ಎರಡನ್ನೂ ನೋಡದ ಲೆಕ್ಕ ದಾರಿ ತಪ್ಪಿಸುತ್ತದೆ.

ಕೋಷ್ಟಕ ಸರಿಯಿದ್ದರೂ ಇನ್ನೊಂದು ತೊಡಕಿದೆ. ಕೊಬ್ಬೆಷ್ಟು, ಸ್ನಾಯುವೆಷ್ಟು ಎಂಬುದನ್ನು ತಕ್ಕಡಿ ಹೇಳದು. ಕೊಬ್ಬು ಎಲ್ಲಿ ಕೂತಿದೆ ಎಂಬುದನ್ನಂತೂ ಹೇಳುವುದೇ ಇಲ್ಲ. ಇದರ ಮಹತ್ವ ತಿಳಿಯಲು ದೂರ ಹೋಗಬೇಕಿಲ್ಲ. ನೆರೆಯ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಆರಂಭವಾದ ಅಧ್ಯಯನವೊಂದು ಅಲ್ಲಿ ಜನಿಸಿದ ಮಕ್ಕಳನ್ನು ವರ್ಷಗಳ ಕಾಲ ಗಮನಿಸುತ್ತಾ ಬಂತು. ನಾಲ್ಕನೇ ವಯಸ್ಸಿನಲ್ಲಿ ಅವರು ಬ್ರಿಟನ್ನಿನ ಮಕ್ಕಳಿಗಿಂತ ಉಳಿದೆಲ್ಲ ಅಳತೆಗಳಲ್ಲಿ ಚಿಕ್ಕವರಾಗಿದ್ದರೂ ಬೆನ್ನಿನ ಮೇಲ್ಭಾಗದ ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಮುಂದಿದ್ದರು ಎಂದು 2005ರ ವರದಿ ಹೇಳಿತು. ನೋಡಲು ತೆಳು, ಒಳಗೆ ಕೊಬ್ಬು. ಮಧುಮೇಹಕ್ಕೆ ದಾರಿ ಮಾಡಿಕೊಡುವ ಈ ಮೈಕಟ್ಟು ನಮ್ಮ ಮಕ್ಕಳದೇ.

ಆದ್ದರಿಂದಲೇ ತಕ್ಕಡಿಯ ಜೊತೆಗೆ ದರ್ಜಿಯ ಟೇಪೂ ಬೇಕು. ಸೊಂಟದ ಸುತ್ತಳತೆ ಎತ್ತರದ ಅರ್ಧವನ್ನು ಮೀರದಿರಲಿ ಎಂಬ ಸೂತ್ರ ಯಾವ ಶಿಕ್ಷಕರಿಗೂ ಅರ್ಥವಾಗುವಂಥದು. 150 ಸೆಂ.ಮೀ. ಎತ್ತರದವರಿಗೆ ಅದು 75 ಸೆಂ.ಮೀ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ ಅಳೆಯಬೇಕು. 2025ರ ಜನವರಿಯಲ್ಲಿ ಲ್ಯಾನ್ಸೆಟ್ ಆಯೋಗವೂ ಬಿಎಂಐ ಒಂದನ್ನೇ ನೆಚ್ಚದೆ ಸುತ್ತಳತೆಯಂತಹ ಮತ್ತೊಂದು ಅಳತೆಯಿಂದ ದೃಢಪಡಿಸಿಕೊಳ್ಳಬೇಕೆಂದು ಸಲಹೆ ನೀಡಿತು.

ಆದರೆ ಅಳತೆ ತೀರ್ಪಲ್ಲ, ಸೂಚನೆ ಮಾತ್ರ. ಗೆರೆ ದಾಟಿದ ಮಗುವನ್ನು ವೈದ್ಯರು ನೋಡಬೇಕೇ ಹೊರತು ತರಗತಿ ನಗಬಾರದು. ತನ್ನ ದೇಹದ ಬಗ್ಗೆಯೇ ಸಂಕೋಚಪಡುವ ವಯಸ್ಸದು. ಅಳತೆ ಮರೆಯಲ್ಲಿ ನಡೆಯಬೇಕು, ಹೆಣ್ಣುಮಕ್ಕಳನ್ನು ಮಹಿಳಾ ಸಿಬ್ಬಂದಿಯೇ ಅಳೆಯಬೇಕು, ಅಂಕಿಯನ್ನು ಗಟ್ಟಿಯಾಗಿ ಓದಬಾರದು. ಅವಮಾನಗೊಂಡ ಬಾಲಕಿ ಊಟ ಬಿಡುವುದಾದರೆ ತಪಾಸಣೆಯಿಂದ ಲಾಭಕ್ಕಿಂತ ಕೇಡೇ ಹೆಚ್ಚು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ವೈದ್ಯರ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗಳಿಗೆ ಭೇಟಿ ನೀಡಬೇಕೆಂಬ ವ್ಯವಸ್ಥೆ ಇದೆ. ಹೊಸ ಯೋಜನೆಯಾಗಲೀ ದುಬಾರಿ ಯಂತ್ರವಾಗಲೀ ಬೇಕಿಲ್ಲ. ಮುಂದಿನ ಭೇಟಿಯಲ್ಲಿ ಆ ತಂಡ ಟೇಪನ್ನೂ ತರಲಿ, ಕೃಶ ಮಗುವನ್ನೂ ಬೊಜ್ಜಿನ ಮಗುವನ್ನೂ ಒಂದೇ ಕಾಳಜಿಯಿಂದ ಗುರುತಿಸಲಿ ಎಂದು ಶಾಲಾಭಿವೃದ್ಧಿ ಸಮಿತಿಗಳು ಒತ್ತಾಯಿಸಬೇಕು. ಇಂದು ಕಡೆಗಣಿಸಿದರೆ ಅದರ ವೆಚ್ಚವನ್ನು ಈ ಮಕ್ಕಳು ಮೂವತ್ತರ ಹರೆಯದಲ್ಲೇ ಮಧುಮೇಹದ ಔಷಧಿಗೆ ತೆರಬೇಕಾದೀತು.